ಅರ್ಥವಾಗಲಿಲ್ಲ ಎನ್ನಲು ಕಲಿಸಿದ ಬು ಸುಲಾಸ್ಮಿ

ಜಾವಾದ ಪೊನೊರೊಗೊ ಕಡೆಯ ನಮ್ಮ ಊರಿನಿಂದ ಹೆಣ್ಣುಮಕ್ಕಳು ಮನೆಗೆಲಸಕ್ಕೆಂದು ಸಿಂಗಪುರಕ್ಕೆ ಹೊರಟರೆ, ಅದಕ್ಕೆ ಮೊದಲು ಮೂರು ತಿಂಗಳು ಬು ಸುಲಾಸ್ಮಿಯವರ ಮುಂಗೋಣೆಯಲ್ಲಿ ಚಾಪೆಯ ಮೇಲೆ ಕೂರಬೇಕಿತ್ತು. ಅವರು ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಬು ಎಂದರೆ ನಮ್ಮಲ್ಲಿ ಅಮ್ಮ, ಗಂಡಸರಾದರೆ ಪಾಕ್; ಹಿರಿಯರನ್ನು ಹಾಗೆಯೇ ಕರೆಯುವುದು. ಕೋಣೆಯ ಒಂದು ಗೋಡೆಯುದ್ದಕ್ಕೂ ಉಪ್ಪುನೀರಿನ ಜಾಡಿಗಳು, ಅವುಗಳ ತುಂಬ ಬಾತುಮೊಟ್ಟೆ. ಬೆಳಗ್ಗೆ ಪೇಟೆಯಲ್ಲಿ ಉಪ್ಪುಮೊಟ್ಟೆ ಮಾರಿ ಬಂದು, ಒಂಬತ್ತರಿಂದ ಮಧ್ಯಾಹ್ನದ ಬಾಂಗ್ ಕೇಳುವವರೆಗೆ ಪಾಠ. ನಾವು ಕಲಿತ ಇಂಗ್ಲಿಷಿಗೆಲ್ಲ ಆ ಉಪ್ಪಿನ ವಾಸನೆ ಹತ್ತಿತ್ತು. ಸಿಂಗಪುರಕ್ಕೆ ಹೋಗಿ ಎಷ್ಟೋ ದಿನದ ಮೇಲೂ 'ಗುಡ್ ಮಾರ್ನಿಂಗ್' ಎಂದಾಗ ನನ್ನ ಮೂಗಿಗೆ ಬಾತುಮೊಟ್ಟೆ ಬಡಿಯುತ್ತಿತ್ತು.

ಕುಳ್ಳಗೆ, ದಪ್ಪ ಕನ್ನಡಕ, ಯಾವಾಗಲೂ ಅದೇ ಕಂದು ಬಾತಿಕ್ ಲುಂಗಿ. ನಕ್ಕಿದ್ದು ಕಡಿಮೆ. ಬಾತುಗಳನ್ನು ಗದರಿಸುವ ದನಿಯಲ್ಲೇ ನಮ್ಮನ್ನೂ ಗದರಿಸುತ್ತಿದ್ದರು. ಮೊದಲ ದಿನ ನಾವು ಹನ್ನೊಂದು ಮಂದಿ ಕೂತಿದ್ದೆವು. ಅವರು ಬಂದವರೇ ಹೆಸರು ಕೂಡ ಕೇಳದೆ ಅರ್ಧ ನಿಮಿಷ ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ನಮಗೆ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಹೇಳಿ ಮುಗಿಸಿ, ನಮ್ಮ ಜಾವಾ ಮಾತಿನಲ್ಲಿ ಕೇಳಿದರು.

"ಅರ್ಥ ಆಯ್ತಾ?"

"ಹೂಂ, ಬು," ಎಂದೆವು ಹನ್ನೊಂದು ಜನವೂ. ಮೆತ್ತಗೆ, ತಲೆ ತಗ್ಗಿಸಿ, ಹಿರಿಯರಿಗೆ ಹೇಗೆ ಹೇಳಬೇಕೋ ಹಾಗೆ.

"ಸಂತೋಷ. ನಾನು ಹೇಳಿದ್ದು ಇಷ್ಟು. ಇವತ್ತಿಂದ ನಿಮಗೆ ದಿನಕ್ಕೆ ಒಂದೇ ಊಟ. ರಜ ಅನ್ನೋದೇ ಇಲ್ಲ. ಊರಲ್ಲಿ ನಿಮ್ಮಮ್ಮ ಸತ್ರೂ ನಾನು ಕಳ್ಸೋದಿಲ್ಲ. ಎಲ್ಲಾರೂ ಒಪ್ಕೊಂಡ್ರಿ. ಕೋಲೆಬಸವನ ಥರ ತಲೆ ಆಡ್ಸಿದ್ರಿ. ನಿಮ್ಮಂಥೋರು ಸಿಕ್ರೆ ಯಾವ ಯಜಮಾನಿಗೆ ಬೇಡ ಹೇಳಿ!"

ನಾವು ನಕ್ಕೆವು. ಅವರು ನಗಲಿಲ್ಲ.

ಬು ಸುಲಾಸ್ಮಿಯವರ ಜೀವನವೆಲ್ಲ ಈ ಒಂದು ಹೂಂ ಜೊತೆ ಗುದ್ದಾಡುವುದರಲ್ಲೇ ಕಳೆಯಿತು. ನಮ್ಮಲ್ಲಿ ಹಿರಿಯರು ಮಾತಾಡಿದರೆ ಮೊದಲು ಹೂಂ ಎನ್ನಬೇಕು. ಅರ್ಥವಾಯಿತೋ ಇಲ್ಲವೋ ಎನ್ನುವುದು ಆಮೇಲಿನ ಮಾತು. 'ಇನ್ನೊಂದು ಸಲ ಹೇಳಿ' ಎಂದರೆ, ನೀವು ಸರಿಯಾಗಿ ಹೇಳಲಿಲ್ಲ ಎಂದು ಮುಖದ ಮೇಲೆ ಹೊಡೆದಂತೆ ಹೇಳಿದ ಹಾಗೆ. ಆದ್ದರಿಂದ ಹೂಂ ಎಂದು ಹಿಂದೆ ಸರಿದು, ಅಡುಗೆಮನೆಗೆ ಹೋಗಿ, ಅಕ್ಕನನ್ನೋ ಚಿಕ್ಕಮ್ಮನನ್ನೋ 'ಅವರು ಹೇಳಿದ್ದೇನು' ಎಂದು ಕೇಳಿಕೊಳ್ಳುತ್ತೇವೆ. ಊರಿನಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಪರದೇಶದ ಮನೆಯಲ್ಲಿ ನಡೆಯುವುದಿಲ್ಲ. ಅಲ್ಲಿ ಅಡುಗೆಮನೆಯಲ್ಲಿ ಇರುವವಳು ನೀನೊಬ್ಬಳೇ.

ಪಾಠಕ್ಕೆ ಬೇಕಾದ ಸಾಮಾನುಗಳನ್ನೆಲ್ಲ ಅವರೇ ಮಾಡಿಕೊಂಡಿದ್ದರು. ಪೌಡರ್ ಡಬ್ಬ, ಪೊರಕೆ, ಬಾಗಿಲು, ಜಾಡಿ, ಕೊನೆಗೆ ಒಂದು ಮುದಿ ಬಾತುಕೋಳಿಯ ಕಾಲಿಗೂ ಇಂಗ್ಲಿಷ್ ಹೆಸರಿನ ಚೀಟಿ ಕಟ್ಟಿದ್ದರು. ರಟ್ಟಿನ ಪೆಟ್ಟಿಗೆಯೊಂದು ಫ್ರಿಜ್ಜು, ಅಡ್ಡ ಮಲಗಿಸಿದ ಬುಟ್ಟಿ ಬಟ್ಟೆ ಒಗೆಯುವ ಮಶೀನು. ಸವೆದ ಕ್ಯಾಸೆಟ್ಟಿನಲ್ಲಿ ಯಾರೋ ಹೆಂಗಸು ಸಿಂಗಪುರದವರ ಹಾಗೆ ವೇಗವಾಗಿ ಮಾತಾಡುತ್ತಿದ್ದಳು. ನಡುನಡುವೆ ಟೇಪು ಸಿಕ್ಕಿಕೊಂಡು ಆಕೆಯ ದನಿ ಗಂಡಸಿನದಾಗುತ್ತಿತ್ತು. ಇವೆಲ್ಲದರ ಜೊತೆಗೆ ಬಾಗಿಲ ಪಕ್ಕದಲ್ಲಿ ಒಂದು ಕೆಂಟೋಂಗನ್ ತೂಗುಹಾಕಿದ್ದರು. ಕಾವಲುಗುಡಿಸಲಿನಲ್ಲಿ ಇರುತ್ತದಲ್ಲ, ಉದ್ದಕ್ಕೆ ಸೀಳು ಕೊರೆದ ಬಿದಿರು, ಕಳ್ಳ ಬಂದರೆ, ಬೆಂಕಿ ಬಿದ್ದರೆ, ಯಾರಾದರೂ ಸತ್ತರೆ ಬಡಿಯುವುದು, ಅದೇ.

"ಬಾಯಿಂದ ಅರ್ಥ ಆಗ್ಲಿಲ್ಲ ಅನ್ನೋಕೆ ನಿಮ್ ಕೈಲಿ ಆಗಲ್ಲ, ನಂಗೊತ್ತು," ಎಂದರು. "ಎದ್ದು ಹೋಗಿ ಬಡೀರಿ. ಬಾಯಿಗೆ ಬೀಗ ಬಿದ್ರೂ ಕೈಗೆ ಬಿದ್ದಿಲ್ಲವಲ್ಲ."

ಎರಡು ದಿನ ಯಾರೂ ಏಳಲಿಲ್ಲ. ಮೂರನೆಯ ದಿನ ಲಸ್ತ್ರಿ ಎಂಬ ಹುಡುಗಿ, ಅವಳಿಗೆ ಅಳು ಬರುವ ಹಾಗಾಗಿತ್ತು, ಎದ್ದು ಹೋಗಿ ಕಣ್ಣು ಮುಚ್ಚಿ ಬಡಿದೇಬಿಟ್ಟಳು. ಐದು ನಿಮಿಷದಲ್ಲಿ ಅಕ್ಕಪಕ್ಕದ ಮನೆಯವರು ಬಕೆಟ್ಟು, ಕುಡುಗೋಲು, ಸಿಕ್ಕಿದ್ದು ಹಿಡಿದು ಅಂಗಳಕ್ಕೆ ನುಗ್ಗಿದರು.

"ಎಲ್ಲಿ ಬೆಂಕಿ? ಎಲ್ಲಿ?"

"ಬೆಂಕಿ ಇಲ್ಲ, ಪಾಕ್. ಈ ಹುಡುಗೀಗೆ ಅರ್ಥ ಆಗ್ಲಿಲ್ಲ, ಅಷ್ಟೆ," ಎಂದರು ಬು ಸುಲಾಸ್ಮಿ, ಮುಖದಲ್ಲಿ ಗೆರೆ ಅಲುಗಿಸದೆ.

"ಅದಕ್ಯಾಕ್ ಊರೆಲ್ಲಾ ಎಬ್ಬಿಸ್ತೀರಿ?"

"ಅರ್ಥ ಆಗ್ದೇ ಸುಮ್ಮನಿದ್ರೆ ಬೆಂಕಿಗಿಂತ ಜಾಸ್ತಿ ಸುಡುತ್ತೆ. ಹೋಗಿ, ಹೋಗಿ, ಕೆಲಸ ನೋಡ್ಕೊಳ್ಳಿ."

ಆಮೇಲೆ ಕೋಲಿನ ತುದಿಗೆ ಬಟ್ಟೆ ಸುತ್ತಿದರು. ದಿನ ಕಳೆದಂತೆ ಹುಡುಗಿಯರ ಕೈ ಹಗುರವಾಯಿತು. ಬಡಿದು, ಬಡಿಯುತ್ತಲೇ ಬಾಯಲ್ಲೂ ಹೇಳಬೇಕು ಎಂದು ನಿಯಮ ಮಾಡಿದರು. ತಿಂಗಳು ಕಳೆಯುವಷ್ಟರಲ್ಲಿ ಕೆಲವರಿಗೆ ಬಿದಿರಿನ ಹಂಗೇ ಬೇಡವಾಯಿತು. ಕೂತಲ್ಲಿಂದಲೇ, ಮೆತ್ತಗಾದರೂ ಸರಿ, 'ಸಾರಿ ಮೇಮ್, ಐ ಡೋಂಟ್ ಅಂಡರ್‌ಸ್ಟ್ಯಾಂಡ್' ಎನ್ನುತ್ತಿದ್ದರು.

ನಾನು ಮಾತ್ರ ಒಂದು ಸಲವೂ ಬಡಿಯಲಿಲ್ಲ. ನನ್ನ ಹೆಸರು ವಿನಾರ್ತಿ. ಆಗ ಇಪ್ಪತ್ತೆರಡು ವರ್ಷ. ಗಿಣಿಪಾಠದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಇನ್ನೂರು ವಾಕ್ಯ ಉರು ಹೊಡೆದಿದ್ದೆ. ಪ್ರಶ್ನೆ ಬರುವ ಮೊದಲೇ ಉತ್ತರ ನಾಲಿಗೆಯ ತುದಿಯಲ್ಲಿ. ಗೊತ್ತಿಲ್ಲದ್ದು ಬಂದರೆ ಮುಗುಳ್ನಕ್ಕು ಯೆಸ್ ಎನ್ನುತ್ತಿದ್ದೆ. ಅದೊಂದು ದೊಡ್ಡಸ್ತಿಕೆ ನನಗೆ. ಬಿದಿರು ಬಡಿಯುವವರು ದಡ್ಡರು ಎಂದು ಒಳಗೊಳಗೇ ಅಂದುಕೊಂಡಿದ್ದೆ. ಹುಡುಗಿಯರನ್ನು ಏಜೆನ್ಸಿಗೆ ಸೇರಿಸುವ ಪಾಕ್ ಜಾರ್ವೊ ವಾರಕ್ಕೊಮ್ಮೆ ಬಂದು ನನ್ನನ್ನು ನೋಡಿ ಹಿಗ್ಗುತ್ತಿದ್ದ.

"ಇವಳು ನೋಡಿ ಬು, ಚಿನ್ನ. ಎಲ್ಲಾರ್ನೂ ಹಿಂಗೇ ತಯಾರು ಮಾಡಿ. ಅರ್ಥ ಆಗ್ಲಿಲ್ಲ, ಅರ್ಥ ಆಗ್ಲಿಲ್ಲ ಅಂತ ಬಡ್ಕೊಳ್ಳೋ ಹುಡುಗೀರ್ನ ಯಾವ ಯಜಮಾನಿ ಇಟ್ಕೋತಾಳೆ? ಅವರಿಗೆ ಬೇಕಾಗಿರೋದು ಯೆಸ್ ಮೇಮ್."

"ನಿನ್ ಹೆಂಡ್ತಿ ನಿಂಗೆ ಯೆಸ್ ಅಂತಾಳಾ ಜಾರ್ವೊ?"

"ಅವಳ ಸುದ್ದಿ ಬಿಡಿ..."

"ಹಂಗಾದ್ರೆ ನೀನೂ ನನ್ ಸುದ್ದಿ ಬಿಡು."

ಮುಂದಿನ ವಾರ ಜಾರ್ವೊ ಐದು ಹುಡುಗಿಯರನ್ನು ಬಿಡಿಸಿಕೊಂಡು ಬೇರೆ ಕಡೆ ಸೇರಿಸಿದ. ಬು ಸುಲಾಸ್ಮಿ ಖಾಲಿಯಾದ ಚಾಪೆಗಳನ್ನು ಸುತ್ತಿಟ್ಟು ಉಳಿದ ಆರು ಜನಕ್ಕೆ ಪಾಠ ಮುಂದುವರಿಸಿದರು.

ನಾನು ಹೊರಡಲು ನಾಲ್ಕು ದಿನವಿತ್ತು. ಪಾಠ ಮುಗಿದ ಮೇಲೆ ಅವರು ನನ್ನೊಬ್ಬಳನ್ನೇ ಹಿತ್ತಲಿಗೆ ಕರೆದರು. ಬಾತುಗಳಿಗೆ ತೌಡು ಕಲಸುತ್ತಾ, ನನ್ನ ಕಡೆ ನೋಡದೆ ಹೇಳಿದರು.

"ವಿನ್, ನಿನ್ನ ಕಂಡ್ರೆ ನಂಗೆ ಭಯ."

ನನಗೆ ಹೊಗಳಿಕೆ ಕಾದಿದೆ ಎಂದುಕೊಂಡು ಬಂದವಳು ನಾನು. ಮುಖ ಸಣ್ಣದಾಯಿತು.

"ನೀನು ನನ್ ಥರಾನೇ ಇದ್ದೀಯ. ನಾನೂ ಹಿಂಗೇ ಇದ್ದೆ, ಕ್ಲಾಸಿಗೇ ಮೊದಲು." ಕೈಯ ತೌಡನ್ನು ಬೋಗುಣಿಯ ಅಂಚಿಗೆ ಒರೆಸಿದರು. "ನಾನು ಸಿಂಗಪುರದಿಂದ ಯಾಕ್ ವಾಪಸ್ ಬಂದೆ ಅಂತ ಊರಿಗೆ ಗೊತ್ತಿಲ್ಲ. ಕಾಂಟ್ರಾಕ್ಟು ಮುಗೀತು ಅಂದಿದೀನಿ. ನೀನು ಕೇಳ್ಕೋ."

ಅವರು ಸಿಂಗಪುರಕ್ಕೆ ಹೋದ ಎರಡನೆಯ ವರ್ಷ. ಯಜಮಾನಿಯ ತಾಯಿಗೆ, ಆ ಮನೆಯಲ್ಲಿ ಎಲ್ಲರೂ ಅಹ್ ಮಾ ಎನ್ನುತ್ತಿದ್ದರು, ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಯಜಮಾನಿ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲೇ ಎಲ್ಲವನ್ನೂ ವಿವರಿಸಿದ್ದಳು. ಮುದುಕಿಗೆ ನುಂಗುವ ಶಕ್ತಿ ಹೋಗಿದೆ, ಬರೀ ನೀರು ಕುಡಿಸಬೇಡ, ಈ ಪುಡಿ ಬೆರೆಸಿ ಗಂಜಿಯ ಹಾಗೆ ಗಟ್ಟಿ ಮಾಡಿ ಕೊಡು, ಮಲಗಿಸಿ ಕೊಡಬೇಡ, ಎಬ್ಬಿಸಿ ಕೂರಿಸು ಎಂದು. ಸುಲಾಸ್ಮಿಗೆ ನೀರು, ಪುಡಿ, ಅಹ್ ಮಾ ಎಂಬ ಮೂರು ಮಾತು ಮಾತ್ರ ಸಿಕ್ಕಿದವು. ಸಂಜೆ ಕುಡಿಸುವ ಹಾಲಿನ ಪುಡಿ ಇರಬೇಕು ಎಂದುಕೊಂಡರು. ಯಜಮಾನಿ ಮೂರು ಸಲ ಅರ್ಥವಾಯಿತಾ ಎಂದು ಕೇಳಿದಳು. ಮೂರು ಸಲವೂ ಯೆಸ್ ಮೇಮ್.

"ಮಧ್ಯಾಹ್ನ ಅಹ್ ಮಾ ಬಾಯಾರಿಕೆ ಅಂತ ಸನ್ನೆ ಮಾಡಿದ್ರು. ಕುಡಿಸಿದೆ. ಪಾಪ, ಮಲಗಿರ್ಲಿ, ಎಬ್ಬಿಸೋದು ಬೇಡ ಅಂತ ದಿಂಬಿನ ಮೇಲೇ ತಲೆ ಇಟ್ಟು ಚಮಚದಲ್ಲಿ ಕುಡಿಸಿದೆ. ಪ್ರೀತಿಯಿಂದ ಕುಡಿಸಿದೆ ಕಣೇ. ಕೆಮ್ಮಿದ್ರು. ಬೆನ್ನು ಸವರಿದೆ. ನೀರು ಎದೆಗೆ ಇಳಿದು ಜ್ವರ ಬಂತು. ಹನ್ನೊಂದನೇ ದಿನ ಹೋಗ್ಬಿಟ್ರು."

ಬಾತುಗಳು ಬೋಗುಣಿಗೆ ಮುಗಿಬಿದ್ದವು. ಅವರು ಅವುಗಳನ್ನು ಗದರಿಸಲೂ ಇಲ್ಲ.

"ಮೇಮ್ ಹೊಡೀಲಿಲ್ಲ, ಬೈಲಿಲ್ಲ, ಪೊಲೀಸರನ್ನ ಕರೀಲಿಲ್ಲ. ಒಂದೇ ಮಾತು ಕೇಳಿದ್ಲು. ನಾನು ಹೇಳಿದ್ದೆನಲ್ಲ, ನೀನು ಯೆಸ್ ಅಂದೆಯಲ್ಲ, ಯಾಕೆ ಯೆಸ್ ಅಂದೆ ಅಂತ. ಆ ಇಂಗ್ಲಿಷ್ ಮಾತ್ರ ನಂಗೆ ಪೂರ್ತಿ ಅರ್ಥ ಆಯ್ತು ವಿನ್. ಅದಕ್ಕೂ ಯೆಸ್ ಮೇಮ್ ಅಂತಲೇ ಅಂದೆ."

ಇಷ್ಟೆಲ್ಲ ಕೇಳಿಯೂ ನಾನೇನು ಮಾಡಿದೆ ಗೊತ್ತೆ? ತಲೆ ತಗ್ಗಿಸಿ, "ಹೂಂ, ಬು," ಎಂದೆ. ಅವರು ಬೋಗುಣಿ ಎತ್ತಿಕೊಂಡು ಒಳಗೆ ಹೋದರು. ಇವತ್ತಿಗೂ ಆ ಹೂಂ ನೆನೆದರೆ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಸಿಂಗಪುರದಲ್ಲಿ ಏಳು ತಿಂಗಳು ನಾನು ಯೆಸ್ ಮೇಮ್ ಎನ್ನುತ್ತಲೇ ಬದುಕಿದೆ. ಉರು ಹೊಡೆದ ಇನ್ನೂರು ವಾಕ್ಯಗಳಲ್ಲಿ ಇಪ್ಪತ್ತೂ ಕೆಲಸಕ್ಕೆ ಬರಲಿಲ್ಲ. ಆ ಮನೆಯವರು ಮಾತಾಡುವ ಇಂಗ್ಲಿಷ್ ಕ್ಯಾಸೆಟ್ಟಿನದಕ್ಕಿಂತ ಬೇರೆಯೇ ಆಗಿತ್ತು. ರೇಷ್ಮೆ ಅಂಗಿ ಸುಟ್ಟೆ. ಯಾರಿಗೋ ಇಟ್ಟಿದ್ದ ಸಾರು ಚೆಲ್ಲಿದೆ. ಬೈಗುಳ ತಿಂದೆ, ಅದಕ್ಕೂ ಯೆಸ್ ಎಂದೆ.

ಆಮೇಲೊಂದು ದಿನ ಯಜಮಾನಿ ಗಂಡನ ಜೊತೆ ಎರಡು ದಿನಕ್ಕೆ ಎಲ್ಲಿಗೋ ಹೊರಟಿದ್ದಳು. ಕೆಳಗೆ ಟ್ಯಾಕ್ಸಿ ಕಾಯುತ್ತಿತ್ತು. ಎಂಟು ತಿಂಗಳ ಮಗುವಿಗೆ ಜ್ವರ. ಮನೆಯಲ್ಲಿ ಅಜ್ಜಿ ಇದ್ದಳು, ಆಕೆಗೆ ಕಣ್ಣು ಮಂಜು. ಯಜಮಾನಿ ಬಾಗಿಲಲ್ಲಿ ನಿಂತು ಎರಡು ಬಾಟಲಿ ತೋರಿಸಿ, ಇದು ಹೀಗೆ, ಅದು ಹಾಗೆ ಎಂದು ಪಟಪಟ ಹೇಳಿ, ಓಕೆ? ಎಂದಳು. ಬಾಟಲಿಗಳು ಎರಡೂ ಒಂದೇ ಬಣ್ಣ. ನನ್ನ ಯೆಸ್ ಹಲ್ಲಿನ ತನಕ ಬಂದಿತ್ತು. ಆಗ ಹಿತ್ತಲಿನಲ್ಲಿ ಬು ಹೇಳಿದ ಅಹ್ ಮಾಳ ಆ ಚಮಚ ನೆನಪಾಯಿತು. ನಾಲಿಗೆ ಏಳಲಿಲ್ಲ. ಆದರೆ ಕೈ ಎದ್ದಿತು. ಬಾಗಿಲ ಚೌಕಟ್ಟಿನ ಮೇಲೆ ಬೆರಳ ಗೆಣ್ಣಿನಿಂದ ಟಕಟಕ ಬಡಿದೆ. ಬಡಿಯುತ್ತಲೇ ಬಾಯಿಯೂ ತೆರೆಯಿತು. ಅರ್ಥವಾಗಲಿಲ್ಲ ಮೇಮ್ ಎಂದೆ.

"ಏನು?"

"ಅರ್ಥ ಆಗ್ಲಿಲ್ಲ, ಮೇಮ್. ಮೊದಲೂ... ತುಂಬಾ ಸಲ ಅರ್ಥ ಆಗಿಲ್ಲ."

"ಏಳು ತಿಂಗಳಾದ್ಮೇಲೆ ಈಗ ಹೇಳ್ತೀಯಾ? ಟ್ಯಾಕ್ಸಿ ನಿಂತಿರೋವಾಗ?" ಆಕೆ ಕಿರುಚಿದಳು. ಆಮೇಲೆ ಪೆಟ್ಟಿಗೆ ಕೆಳಗಿಟ್ಟು, ಒಂದು ಹಾಳೆಯಲ್ಲಿ ಸೂರ್ಯ, ಚಂದ್ರ, ಚಮಚ ಬರೆದು, ಒಂದು ಬಾಟಲಿಗೆ ಕೆಂಪು ದಾರ ಕಟ್ಟಿದಳು. ಅದು ಹಚ್ಚುವ ಔಷಧ. ಬಾಯಿಗೆ ಕೊಡುವಂತಿರಲಿಲ್ಲ.

ಏನೂ ಆಗಲಿಲ್ಲ. ಜ್ವರ ಬಿಟ್ಟಿತು. ಆ ಮಗು ಈಗ ಶಾಲೆಗೆ ಹೋಗುತ್ತಿರಬೇಕು, ನನ್ನ ಹೆಸರೂ ಅದಕ್ಕೆ ಗೊತ್ತಿರಲಾರದು. ಬು ಸುಲಾಸ್ಮಿಯವರ ಶಿಷ್ಯೆಯರು ನೂರಾರು ಮನೆಗಳಲ್ಲಿ ಕೆಲಸ ಮಾಡಿದ್ದಾರೆ. ಆ ಮನೆಗಳಲ್ಲಿ ಆಗದೇ ಉಳಿದದ್ದು ಎಷ್ಟೋ, ಅದನ್ನು ಯಾರೂ ಎಣಿಸಲಾರರು. ಆಗದೇ ಹೋದದ್ದಕ್ಕೆ ಯಾರೂ ಬಂದು ಕೈ ಮುಗಿಯುವುದಿಲ್ಲ.

ಆರು ವರ್ಷದ ಮೇಲೆ ನಾನು ಊರಿಗೆ ಬಂದೆ. ಬು ಸುಲಾಸ್ಮಿ ಸೊರಗಿದ್ದರು. ಲುಂಗಿ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ, ಕಣ್ಣು ಹಳದಿ. ಅವರಿಗೆ ತಮ್ಮವರೆಂದು ಹತ್ತಿರದಲ್ಲಿ ಯಾರೂ ಇರಲಿಲ್ಲ. ಪರೀಕ್ಷೆಯ ಕಾಗದಗಳು ಬರುವ ದಿನ ನಾನೇ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಹೊರಗೆ ಐವತ್ತು ಜನ ಕಾಯುತ್ತಿದ್ದರು. ಕಾಗದ ನೋಡುತ್ತಾ, ಪುಸ್ತಕದ ಭಾಷೆಯಲ್ಲಿ, ಉದ್ದುದ್ದ ರೋಗದ ಹೆಸರುಗಳನ್ನು ಹಾಕಿ ಹೇಳಿಕೊಂಡು ಹೋದರು. ಮೇದೋಜೀರಕ ಎಂದರು, ಹಂತ ಎಂದರು, ಉಪಶಮನ ಎಂದರು. ಒಂದು ಮಾತ್ರೆಯ ಚೀಟಿ ಬರೆದು, "ಅರ್ಥ ಆಯ್ತಾ, ಬು?" ಎಂದರು.

"ಹೂಂ, ಡಾಕ್ಟ್ರೇ. ತುಂಬಾ ಉಪಕಾರ ಆಯ್ತು," ಎಂದರು ಬು ಸುಲಾಸ್ಮಿ. ಮೆತ್ತಗೆ, ತಲೆ ತಗ್ಗಿಸಿ.

ನಾನು ಅವರ ಮುಖ ನೋಡಿದೆ. ಒಂದು ಮಾತೂ ಒಳಗೆ ಹೋಗಿರಲಿಲ್ಲ. ನನಗೂ ಹೋಗಿರಲಿಲ್ಲ. ಅರ್ಥವಾಗಲಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳುವುದು ಇದಕ್ಕಿಂತ ಸುಲಭ ಎಂದು ಅವತ್ತು ನನಗೆ ತಿಳಿಯಿತು. ಅದು ಪರರ ಭಾಷೆ, ಅಲ್ಲಿ ನಾವು ಸ್ವಲ್ಪ ಒರಟಾದರೂ ನಡೆಯುತ್ತದೆ. ಇಲ್ಲಿ ನಮ್ಮ ಭಾಷೆ, ನಮ್ಮ ಡಾಕ್ಟರು, ಕೆಳಗೆ ಬಿದ್ದ ಪೆನ್ನನ್ನೂ ಬಗ್ಗಿ ಎತ್ತಿಕೊಡಬೇಕೆನ್ನಿಸುವಷ್ಟು ದೊಡ್ಡವರು. ಬು ಸುಲಾಸ್ಮಿ ಆಗಲೇ ಎದ್ದಿದ್ದರು. ನಾನು ಏಳಲಿಲ್ಲ.

"ಡಾಕ್ಟ್ರೇ, ನಮಗೆ ಅರ್ಥ ಆಗ್ಲಿಲ್ಲ," ಎಂದೆ.

ಬು ಸುಲಾಸ್ಮಿ ನನ್ನ ತೋಳು ಚಿವುಟಿದರು. "ಸುಮ್ನಿರೇ. ಅವರಿಗೆ ಕೆಲಸ ಇದೆ. ಹೊರಗೆ ಎಷ್ಟು ಜನ ಕಾಯ್ತಿದಾರೆ, ಕಾಣಲ್ವಾ?"

"ನಿಮಗೆ ಅರ್ಥ ಆಗಿದ್ರೆ ನನಗೆ ಹೇಳಿ ಬು. ನಾನು ಸುಮ್ನಿರ್ತೀನಿ."

ಅವರು ಮತ್ತೆ ಕೂತರು. ಡಾಕ್ಟರು ಪೆನ್ನು ಕೆಳಗಿಟ್ಟು, ಈ ಸಲ ನಮ್ಮ ಮನೆಮಾತಿನಲ್ಲಿ, ನಿಧಾನವಾಗಿ ಹೇಳಿದರು. ಹೊಟ್ಟೆಯೊಳಗೆ ಗಂಟು ಬೆಳೆದಿದೆ. ಕೊಯ್ದು ತೆಗೆಯುವ ಹಾಗಿಲ್ಲ. ಈ ಮಾತ್ರೆ ರೋಗ ವಾಸಿ ಮಾಡುವುದಕ್ಕಲ್ಲ, ನೋವಿಗೆ. ಇದನ್ನು ನೋವು ಬಂದ ಮೇಲೆ ತೆಗೆದುಕೊಂಡರೆ ಪ್ರಯೋಜನವಿಲ್ಲ, ಹೊತ್ತಿಗೆ ಸರಿಯಾಗಿ, ನೋವು ಏಳುವ ಮೊದಲೇ ತೆಗೆದುಕೊಳ್ಳಬೇಕು.

ನನಗೆ ಕೇಳಬಾರದಿತ್ತು ಎನ್ನಿಸಿತು. ಆಗ ಬು ಸುಲಾಸ್ಮಿ ತಲೆ ಎತ್ತಿ ಡಾಕ್ಟರ ಮುಖವನ್ನೇ ನೋಡಿದರು.

"ಎಷ್ಟು ದಿನ ಅನ್ನೋದು ನಂಗೆ ಅರ್ಥ ಆಗ್ಲಿಲ್ಲ," ಎಂದರು.

"ಲೆಬಾರಾನ್ ಹಬ್ಬದ ತನಕ ಇರಬಹುದು, ಬು. ಅದರಾಚೆ ಹೇಳೋಕೆ ಆಗಲ್ಲ."

"ಈಗ ಅರ್ಥ ಆಯ್ತು."

ಉಪವಾಸದ ತಿಂಗಳು ಮುಗಿದು ಬರುವ ಆ ಹಬ್ಬಕ್ಕೆ ಆಗ ಹತ್ತು ವಾರವಿತ್ತು. ಬಸ್ಸಿನಲ್ಲಿ ಅರ್ಧ ದಾರಿ ಅವರು ಮಾತ್ರೆಯ ಚೀಟಿಯನ್ನು ಕೈಯಲ್ಲೇ ಹಿಡಿದಿದ್ದರು. ಆಮೇಲೆ, "ನೀನು ಕೇಳಿದ್ದು ಒಳ್ಳೇದಾಯ್ತು ಅಂತ ನಂಗಿನ್ನೂ ಅನ್ನಿಸ್ತಿಲ್ಲ ವಿನ್. ನಾಳೆ ಅನ್ನಿಸಿದ್ರೆ ಹೇಳ್ತೀನಿ," ಎಂದರು. ಚೀಟಿಯನ್ನು ಮಡಚಿಟ್ಟುಕೊಂಡು, "ನೀನು ಕೇಳ್ದೇ ಹೋಗಿದ್ರೆ ಮಾತ್ರೇನ ತೀರಾ ತಡ್ಕೊಳೋಕೆ ಆಗದೇ ಇದ್ದಾಗ ಮಾತ್ರ ತಗೋಬೇಕು ಅಂತ ಕೂಡಿಡ್ತಿದ್ದೆ ನಾನು. ಹಲ್ಲು ಕಚ್ಕೊಂಡು ಸಾಯ್ತಿದ್ದೆ," ಎಂದರು. ನಾನು ಕಿಟಕಿಯ ಕಡೆ ತಿರುಗಿ ಅತ್ತೆ.

ಒಳ್ಳೆಯದಾಯಿತು ಎಂದು ಅವರು ಮರುದಿನವೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಆದರೆ ಮಾತ್ರೆಯನ್ನು ಹೊತ್ತು ತಪ್ಪದೆ ತೆಗೆದುಕೊಂಡರು. ಅದರಿಂದ ಏಳು ವಾರ ಪಾಠ ನಡೆಯಿತು. ನಾನು ಕ್ಯಾಸೆಟ್ಟು ತಿರುಗಿಸುತ್ತಿದ್ದೆ, ಅವರು ಜಾಡಿಗಳಿಗೆ ಒರಗಿ ಕೂತು ತಪ್ಪು ತಿದ್ದುತ್ತಿದ್ದರು. ಅಹ್ ಮಾ ಕಥೆಯನ್ನು ಆ ತಂಡದ ಎಲ್ಲ ಹುಡುಗಿಯರಿಗೂ ಒಂದು ದಿನ ಬಾಯಿಬಿಟ್ಟು ಹೇಳಿದರು. ಊರಿಗೂ ಗೊತ್ತಾಯಿತು. ಕೆಲವರು ಬರುವುದು ನಿಲ್ಲಿಸಿದರು. ಪಾಕ್ ಜಾರ್ವೊ ಬಂದು ಸ್ವಲ್ಪ ಹೊತ್ತು ಕೂತು ಹೋದ.

ಹಬ್ಬ ಕಳೆದು ಆರನೆಯ ದಿನ, ಮಧ್ಯಾಹ್ನ. ನಾನು ಅವರ ಕಾಲು ಒತ್ತುತ್ತಿದ್ದೆ. ಪಾದ ತಣ್ಣಗಾಗಿತ್ತು, ಮಂಡಿಯ ತನಕ. ಅವರು ಕಣ್ಣು ತೆರೆದು ಕೇಳಿದರು.

"ಇವತ್ತು ಬೇರೆ ಥರ ಇದೆ. ಅದೇನಾ, ವಿನ್?"

ಏನಿಲ್ಲ ಬು, ನಾಳೆ ಸರಿಹೋಗುತ್ತದೆ ಎನ್ನುವುದು ನಮ್ಮ ಪದ್ಧತಿ. ನನ್ನ ಬಾಯಿಗೆ ಅದೇ ಬಂದಿತ್ತು. ಅವರು ನನ್ನನ್ನೇ ನೋಡುತ್ತಿದ್ದರು.

"ಹೂಂ, ಬು," ಎಂದೆ. "ಅದೇ."

ಅವರು ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಮಾತ್ರೆ ಕೇಳಿದರು, ಇನ್ನೂ ಹೊತ್ತಾಗಿರಲಿಲ್ಲ. ಆದರೂ ಎಬ್ಬಿಸಿ ಕೂರಿಸಿ, ಎದೆಗೆ ಒರಗಿಸಿಕೊಂಡು, ಮಾತ್ರೆ ಕೊಟ್ಟು ನೀರು ಕುಡಿಸಿದೆ.